ಗಿಜಿಗಿಜಿ ಗಿಡ ಕೀಳಬೇಕಾ, ಬಿಡಬೇಕಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ಬೇಲಿಬದಿಯ ಹೂಗಳ ಬಗ್ಗೆ ಬರೆದಾಗ ಗಿಜಿಗಿಜಿ ಗಿಡದ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಉಳಿದೆಲ್ಲ ಹೂಗಳಿಗಿಂತ ಆ ಒಂದು ಸಾಲಿಗೇ ಜಾಸ್ತಿ ಪತ್ರ ಬಂದಿವೆ. ಕೆಲವರು ಫೋಟೋ ಕಳಿಸಿದ್ದಾರೆ. ಕೆಲವರು ಒಣಗಿದ ಕಾಯಿಯನ್ನೇ ಲಕೋಟೆಗೆ ಹಾಕಿ ಕಳಿಸಿದ್ದಾರೆ. ಹೂ ಚೆನ್ನಾಗಿದೆ, ಬೆಳೆಸಬಹುದಾ ಅಂತ ಅರ್ಧ ಜನ ಕೇಳಿದರೆ, ವಿಷದ ಗಿಡವಂತೆ, ಕಿತ್ತು ಹಾಕಲಾ ಅಂತ ಇನ್ನರ್ಧ ಜನ ಕೇಳಿದ್ದಾರೆ. ಇಬ್ಬರ ಮಾತಿನಲ್ಲೂ ನಿಜ ಇದೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಈ ಒಂದು ಗಿಡಕ್ಕೆ.

ಪ್ರಶ್ನೆ: ಮನೆ ಪಕ್ಕದ ಖಾಲಿ ಜಾಗದಲ್ಲಿ ಸೊಂಟದೆತ್ತರದ ಗಿಡಗಳು ಎದ್ದಿವೆ. ಹಳದಿ ಹೂ, ನೋಡಲು ತೊಗರಿ ಹೂವಿನ ಹಾಗೇ ಇದೆ, ಆದರೆ ದೊಡ್ಡದು. ಕಾಯಿ ಉಬ್ಬಿಕೊಂಡಿದೆ, ಒಣಗಿದ ಮೇಲೆ ಅಲ್ಲಾಡಿಸಿದರೆ ಸದ್ದು ಬರುತ್ತದೆ. ನೀವು ಹೇಳಿದ ಗಿಜಿಗಿಜಿ ಗಿಡ ಇದೇನಾ?

ಉತ್ತರ: ಇದೇ. ತೊಗರಿ ನೆನಪಾಗಿದ್ದು ಸಹಜ, ಯಾಕೆಂದರೆ ಎರಡೂ ಒಂದೇ ಕುಟುಂಬದವು. ಅವರೆ, ಕಡಲೆ, ಹುರುಳಿ ಎಲ್ಲ ಇರುವ ಲೆಗ್ಯೂಮ್ ಕುಟುಂಬ. ಅದರೊಳಗೆ ಕ್ರೊಟಲೇರಿಯ ಅನ್ನುವ ಕುಲಕ್ಕೆ ಈ ಗಿಡ ಸೇರುತ್ತದೆ. ಆ ಕುಲದಲ್ಲಿ ಸುಮಾರು 700 ಜಾತಿಗಳಿವೆ, ಬಹುಪಾಲು ಆಫ್ರಿಕಾದಲ್ಲಿ.

ನಿಮ್ಮ ಫೋಟೋದಲ್ಲಿ ಇರುವುದು ಕ್ರೊಟಲೇರಿಯ ರೆಟೂಸ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ಅದು. ಗುರುತು ಹಿಡಿಯಲು ಮೊದಲು ಎಲೆ ನೋಡಿ. ಒಂಟಿ ಎಲೆ, ತೊಟ್ಟಿನ ಕಡೆ ಕಿರಿದು, ತುದಿಯ ಕಡೆ ಅಗಲ, ಆ ತುದಿಯ ನಡುವೆ ಸಣ್ಣ ಕಚ್ಚು ಇರುತ್ತದೆ. ಮೇಲ್ಭಾಗ ನುಣುಪು, ಕೆಳಗೆ ಬೆರಳಾಡಿಸಿದರೆ ಮೆತ್ತನೆ ರೋಮ ಸಿಗುತ್ತದೆ. ಹೂಗಳು ಕೊಂಬೆಯ ತುದಿಯಲ್ಲಿ ನೆಟ್ಟಗೆ ನಿಂತ ಗೊನೆಯಲ್ಲಿ ಅರಳುತ್ತವೆ, ಕೆಳಗಿನದು ಮೊದಲು. ದೊಡ್ಡ ಎಸಳಿನ ಹಿಂಬದಿಗೆ ಕೆಂಪು-ನೇರಳೆ ಗೆರೆಗಳು ಇರುತ್ತವೆ, ಮೊಗ್ಗಿನಲ್ಲಿ ಇವು ಇನ್ನೂ ಚೆನ್ನಾಗಿ ಕಾಣುತ್ತವೆ.

ಇದೇ ಹೆಸರಿನಿಂದ ಬೇರೆ ಜಾತಿಗಳನ್ನೂ ಕರೆಯುತ್ತಾರೆ. ಒಂದೇ ತೊಟ್ಟಿನಲ್ಲಿ ಮೂರು ಎಲೆ, ಉದ್ದನೆ ಗೊನೆಯಲ್ಲಿ ಒತ್ತಾಗಿ ಸಣ್ಣ ಹಳದಿ ಹೂ ಇದ್ದರೆ ಅದು ಕ್ರೊಟಲೇರಿಯ ಪ್ಯಾಲಿಡ. ಹೂ ನೀಲಿ-ನೇರಳೆಯಾಗಿದ್ದು, ಕಾಂಡವನ್ನು ಬೆರಳ ನಡುವೆ ಹೊರಳಿಸಿದಾಗ ನಾಲ್ಕು ಮೂಲೆ ಸಿಕ್ಕರೆ ವೆರುಕೋಸ. ಈ ನೀಲಿ ಹೂವಿನದು ನನಗೆ ಎಲ್ಲಕ್ಕಿಂತ ಇಷ್ಟ. ನೀಲಿ ಬಣ್ಣ ಈ ಕುಲದಲ್ಲಿ ಕಡಿಮೆ, ಹಳದಿಯೇ ಹೆಚ್ಚು.

ಪ್ರಶ್ನೆ: ಕಾಯಿ ಸದ್ದು ಮಾಡುವುದು ಯಾಕೆ? ನನ್ನ ಮಗಳ ಪ್ರಶ್ನೆ ಇದು, ಆರನೇ ಕ್ಲಾಸು.

ಉತ್ತರ: ಮಗಳಿಗೆ ಒಂದು ಹಸಿರು ಕಾಯಿ, ಒಂದು ಕಪ್ಪಾದ ಕಾಯಿ ಎರಡನ್ನೂ ಸೀಳಿ ತೋರಿಸಿ. ಹಸಿರು ಕಾಯಿಯಲ್ಲಿ ಪ್ರತಿ ಬೀಜವೂ ಸಣ್ಣ ತೊಟ್ಟಿನಿಂದ ಕಾಯಿಯ ಒಳ ಅಂಚಿಗೆ ಅಂಟಿಕೊಂಡಿರುತ್ತದೆ. ಅವರೆಕಾಯಿ ಬಿಡಿಸುವಾಗ ನೋಡಿರುತ್ತಾಳೆ, ಅದೇ ಏರ್ಪಾಡು. ಆದರೆ ಅವರೆಯಲ್ಲಿ ಕಾಯಿ ಬೀಜಕ್ಕೆ ಒತ್ತಿಕೊಂಡಿರುತ್ತದೆ, ಇಲ್ಲಿ ಒಳಗೆಲ್ಲ ಟೊಳ್ಳು. ಕಾಯಿ ಬಲಿತು ಒಣಗಿದ ಹಾಗೆ ಬೀಜದ ತೊಟ್ಟು ಕಳಚಿಕೊಳ್ಳುತ್ತದೆ, ಬೀಜಗಳು ಕಾಯಿಯೊಳಗೇ ಬಿಡಿಯಾಗಿ ಉರುಳಾಡುತ್ತವೆ. ಸಿಪ್ಪೆ ತೆಳ್ಳಗೆ, ಗಟ್ಟಿ. ಹಾಗಾಗಿ ಗಾಳಿ ಬೀಸಿದರೂ ಸದ್ದು.

ಆಮೇಲೆ ಕಾಯಿ ಎರಡು ಹೋಳಾಗಿ ಬಿರಿದು ಬೀಜ ಕೆಳಗೆ ಬೀಳುತ್ತದೆ. ಕೈಯಲ್ಲಿ ಹಿಡಿದು ಆಡಲಿ, ತೊಂದರೆ ಇಲ್ಲ. ಬಾಯಿಗೆ ಹಾಕಬಾರದು, ಆಟ ಮುಗಿದ ಮೇಲೆ ಕೈ ತೊಳೆಯಲಿ. ತೀರ ಚಿಕ್ಕ ಮಕ್ಕಳಿಗೆ ಮಾತ್ರ ಇದನ್ನು ಗಿಲಕಿ ಮಾಡಿ ಕೊಡಬೇಡಿ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಪ್ರಶ್ನೆ: ದಿನಾ ಬೆಳಿಗ್ಗೆ ಕಪ್ಪು ದುಂಬಿ ಬಂದು ಹೂವಿನ ಮೇಲೆ ಕೂರುತ್ತದೆ. ಆದರೆ ಹೂ ಬಿಡಿಸಿ ನೋಡಿದರೆ ದಾಸವಾಳದಲ್ಲಿ ಕಾಣುವ ಹಾಗೆ ಪರಾಗ ಎಲ್ಲೂ ಕಾಣುವುದಿಲ್ಲ. ಎಲ್ಲಿ ಇಟ್ಟುಕೊಂಡಿರುತ್ತದೆ?

ಉತ್ತರ: ಬಂದ ಪತ್ರಗಳಲ್ಲಿ ನನಗೆ ಬಹಳ ಖುಷಿ ಕೊಟ್ಟ ಪ್ರಶ್ನೆ ಇದು. ಹೂವನ್ನು ಬಿಡಿಸುವ ಬದಲು ಗಿಡದಲ್ಲೇ ಇಟ್ಟು ಒತ್ತಿ ನೋಡಿ, ಉತ್ತರ ಕಣ್ಣೆದುರೇ ಹೊರಗೆ ಬರುತ್ತದೆ.

ಐದು ಎಸಳು. ಹಿಂದೆ ನೆಟ್ಟಗೆ ನಿಂತ ದೊಡ್ಡದು ಬಾವುಟ. ಮುಂದೆ ಎಡಕ್ಕೊಂದು ಬಲಕ್ಕೊಂದು ರೆಕ್ಕೆ. ರೆಕ್ಕೆಗಳ ನಡುವೆ ಎರಡು ಎಸಳು ಕೂಡಿಕೊಂಡು ದೋಣಿ ಆಗಿರುತ್ತವೆ. ಅವರೆ ಕುಟುಂಬದ ಹೂಗಳಲ್ಲಿ ಸಾಮಾನ್ಯವಾಗಿ ಇರುವ ಏರ್ಪಾಡೇ ಇದು. ಕ್ರೊಟಲೇರಿಯದಲ್ಲಿ ವಿಶೇಷ ಏನೆಂದರೆ ದೋಣಿಯ ಮುಂತುದಿ ಮೇಲಕ್ಕೆ ಬಾಗಿ ಕೊಕ್ಕಿನಂತೆ ಚೂಪಾಗಿರುತ್ತದೆ, ಕೊಕ್ಕಿನ ತುದಿಯಲ್ಲಿ ಬಹಳ ಸಣ್ಣ ಬಾಯಿ ಇರುತ್ತದೆ, ಉಳಿದ ಕಡೆ ಎಲ್ಲ ಮುಚ್ಚಿರುತ್ತದೆ.

ಪರಾಗ ಕೊಡುವ ಹತ್ತು ಕೇಸರಗಳೂ, ಶಲಾಕೆಯೂ (ಹೂವಿನ ಹೆಣ್ಣು ಭಾಗದ ಕಡ್ಡಿ) ಈ ದೋಣಿಯ ಒಳಗೆ ಇರುತ್ತವೆ. ಹತ್ತು ಕೇಸರಗಳೂ ಒಂದೇ ಥರ ಇಲ್ಲ. ಐದರ ಪರಾಗಕೋಶ ಉದ್ದ, ಐದರದು ಗುಂಡಗೆ. ಹೂ ಅರಳುವ ಮೊದಲೇ, ಮೊಗ್ಗಿನಲ್ಲೇ, ಪರಾಗ ಉದುರಿ ಕೊಕ್ಕಿನೊಳಗೆ ತುಂಬಿಕೊಂಡಿರುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದಿರುವುದು ಅದಕ್ಕೇ.

ಈಗ ಆ ದಿನ ಅರಳಿದ ಹೂವನ್ನು ಆರಿಸಿಕೊಂಡು, ಒಂದು ಕೈಯಲ್ಲಿ ಬಾವುಟದ ಬುಡ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ರೆಕ್ಕೆಗಳನ್ನು ನಿಧಾನಕ್ಕೆ ಕೆಳಗೆ ಒತ್ತಿ. ರೆಕ್ಕೆಯ ಜೊತೆ ದೋಣಿಯೂ ಕೆಳಗೆ ಇಳಿಯುತ್ತದೆ. ಒಳಗಿನ ಶಲಾಕೆ ಮಾತ್ರ ಇದ್ದಲ್ಲೇ ಇರುತ್ತದೆ. ಅದರ ಮೇಲೆ ರೋಮಗಳಿವೆ, ಅವು ಪರಾಗವನ್ನು ಮುಂದಕ್ಕೆ ತಳ್ಳುತ್ತವೆ. ಟ್ಯೂಬಿನಿಂದ ಪೇಸ್ಟ್ ಬಂದ ಹಾಗೆ ಕೊಕ್ಕಿನ ತುದಿಯಿಂದ ಹಳದಿ ಪರಾಗದ ಎಳೆ ಹೊರಗೆ ಬರುತ್ತದೆ. ಬೆರಳು ತೆಗೆಯಿರಿ, ದೋಣಿ ಮೇಲಕ್ಕೆ ಬಂದು ಮುಚ್ಚಿಕೊಳ್ಳುತ್ತದೆ. ಮತ್ತೆ ಒತ್ತಿದರೆ ಮತ್ತೆ ಸ್ವಲ್ಪ. ಒಂದೇ ಸಲ ಎಲ್ಲವನ್ನೂ ಖಾಲಿ ಮಾಡುವುದಿಲ್ಲ. ಬಂದ ಪ್ರತಿ ದುಂಬಿಗೂ ಒಂದೊಂದು ಪಾಲು.

ಮರ ಕೊರೆದು ಗೂಡು ಮಾಡುವ ಆ ಕಪ್ಪು ದುಂಬಿಗೆ ಒತ್ತುವ ತೂಕ, ಶಕ್ತಿ ಎರಡೂ ಇದೆ. ಮಕರಂದಕ್ಕಾಗಿ ಬಾವುಟದ ಬುಡಕ್ಕೆ ನಾಲಿಗೆ ಚಾಚಿದಾಗ ಅದರ ಹೊಟ್ಟೆಯ ಅಡಿಗೆ ಪರಾಗ ಮೆತ್ತಿಕೊಳ್ಳುತ್ತದೆ. ಎಲೆ ಕತ್ತರಿಸಿ ಗೂಡು ಕಟ್ಟುವ ಒಂಟಿ ಜೇನುಗಳೂ ಈ ಕೆಲಸ ಮಾಡುತ್ತವೆ. ಅವಕ್ಕೆ ಪರಾಗ ಹೊರುವ ರೋಮ ಇರುವುದೇ ಹೊಟ್ಟೆಯ ಅಡಿಯಲ್ಲಿ, ಹಾಗಾಗಿ ಈ ಹೂವಿಗೆ ಚೆನ್ನಾಗಿ ಹೊಂದುತ್ತವೆ. ತೂಕವಿಲ್ಲದ ಸಣ್ಣ ಕೀಟ ಬಂದು ಕೂತರೆ ದೋಣಿ ಅಲ್ಲಾಡುವುದೇ ಇಲ್ಲ. ಬೆಳಿಗ್ಗೆ ಒಂದರ್ಧ ಗಂಟೆ ಗಿಡದ ಮುಂದೆ ಸುಮ್ನೆ ನಿಂತು ನೋಡಿ, ಯಾರಿಗೆ ಬಾಗಿಲು ತೆರೆಯುತ್ತದೆ, ಯಾರಿಗೆ ಇಲ್ಲ ಅನ್ನುವುದು ಗೊತ್ತಾಗುತ್ತದೆ.

ಪ್ರಶ್ನೆ: ಮೇಡಂ, ಹೂ ಮುಗಿದು ಒಣಗಿದ ಗಿಡಕ್ಕೆ ಚಿಟ್ಟೆಗಳು ಮುತ್ತಿಕೊಳ್ಳುತ್ತಿವೆ. ಕಂದು ಬಣ್ಣದವು, ಕಪ್ಪಿನ ಮೇಲೆ ನೀಲಿ ಗೆರೆಯವು. ಹೂವೇ ಇಲ್ಲದ ಕಡ್ಡಿಯಲ್ಲಿ ಅವಕ್ಕೆ ಏನು ಸಿಗುತ್ತದೆ?

ಉತ್ತರ: ಅವಕ್ಕೆ ಬೇಕಾದ್ದು ಮಕರಂದ ಅಲ್ಲ, ಗಿಡದ ವಿಷ. ಹಿಡಿದು ಪರೀಕ್ಷಿಸಿದರೆ ಹೆಚ್ಚಿನವು ಗಂಡು ಅನ್ನುವುದೂ ಗೊತ್ತಾಗುತ್ತದೆ.

ಗಿಜಿಗಿಜಿ ಗಿಡ ತನ್ನ ಎಲೆ, ಕಾಂಡ, ಬೀಜಗಳಲ್ಲಿ ಪೈರೊಲಿಜಿಡಿನ್ ಆಲ್ಕಲಾಯ್ಡ್ ಅನ್ನುವ ಕಹಿ ರಾಸಾಯನಿಕಗಳನ್ನು ಕೂಡಿಟ್ಟುಕೊಳ್ಳುತ್ತದೆ. ಮೇಯಲು ಬಂದವರನ್ನು ದೂರ ಇಡಲು ಅದಕ್ಕಿರುವ ದಾರಿ ಇದು. ನೀವು ಹೇಳಿದ ಚಿಟ್ಟೆಗಳು ಕಾಮನ್ ಕ್ರೋ, ಬ್ಲೂ ಟೈಗರ್ ಗುಂಪಿನವು. ಈ ಗುಂಪಿನ ಗಂಡುಗಳು ಹೆಣ್ಣನ್ನು ಒಲಿಸಲು ಹೊಟ್ಟೆಯ ತುದಿಯಿಂದ ರೋಮದ ಕುಂಚ ಹೊರಚಾಚಿ ಒಂದು ವಾಸನೆ ಹರಡುತ್ತವೆ. ಆ ವಾಸನೆಯ ಮುಖ್ಯ ವಸ್ತುವನ್ನು ಮಾಡಿಕೊಳ್ಳಲು ಅವಕ್ಕೆ ಈ ಆಲ್ಕಲಾಯ್ಡ್ ಬೇಕೇ ಬೇಕು. ಸ್ವಂತ ದೇಹದಲ್ಲಿ ತಯಾರಾಗುವುದಿಲ್ಲ, ಗಿಡದಿಂದಲೇ ತರಬೇಕು. ತಿಂದ ಆಲ್ಕಲಾಯ್ಡ್‌ನ ಒಂದಿಷ್ಟು ಭಾಗ ಮೈಯಲ್ಲಿ ಉಳಿದು ಹಕ್ಕಿ, ಜೇಡಗಳಿಗೆ ರುಚಿ ಕೆಡಿಸುತ್ತದೆ.

ಹಸಿ ಗಿಡದಿಂದ ಅದು ಸುಲಭವಾಗಿ ಸಿಗುವುದಿಲ್ಲ. ಒಣಗಿದಲ್ಲಿ, ಮುರಿದಲ್ಲಿ, ಹುಳ ಕೊರೆದ ಗಾಯದಲ್ಲಿ ಸಿಗುತ್ತದೆ. ಚಿಟ್ಟೆಗಳು ಅಲ್ಲಿ ಕೂತು, ಕಾಲಿನಿಂದ ಎಲೆಯನ್ನು ಕೆರೆದು, ಸೊಂಡಿಲಿನಿಂದ ದ್ರವ ಬಿಟ್ಟು ಕರಗಿಸಿ ಹೀರುತ್ತವೆ. ಆಗ ಅವಕ್ಕೆ ಮೈಮೇಲೆ ಎಚ್ಚರವೇ ಇರುವುದಿಲ್ಲ. ತೀರ ಹತ್ತಿರ ಹೋದರೂ ಹಾರುವುದಿಲ್ಲ. ಚಿಟ್ಟೆ ಫೋಟೋ ತೆಗೆಯುವವರು ಒಣಗಿದ ಗಿಜಿಗಿಜಿ ಗಿಡ ಹುಡುಕಿಕೊಂಡು ಹೋಗುವುದು ಇದಕ್ಕೇ.

ಹೂ ಮುಗಿದ ಕೂಡಲೇ ಗಿಡ ಕತ್ತರಿಸಿ ಜಾಗ ಚೊಕ್ಕ ಮಾಡುವವರಲ್ಲಿ ನನ್ನ ವಿನಂತಿ ಒಂದೇ. ದನಕರು ಬಾರದ ಜಾಗವಾದರೆ ಒಣ ಗಿಡವನ್ನು ಇನ್ನೊಂದಿಷ್ಟು ದಿನ ಹಾಗೇ ಬಿಡಿ. ನಮ್ಮ ಕಣ್ಣಿಗೆ ಗಿಡದ ಕೆಲಸ ಮುಗಿದಂತೆ ಕಾಣುವ ಹೊತ್ತಿಗೇ ಈ ಚಿಟ್ಟೆಗಳ ಕೆಲಸ ಶುರುವಾಗುವುದು.

ಪ್ರಶ್ನೆ: ಕಾಯಿಗಳಲ್ಲಿ ಸಣ್ಣ ತೂತು. ಸೀಳಿದರೆ ಒಳಗೆ ಕಪ್ಪು ಮೈಯ, ಬಿಳಿ-ಕಿತ್ತಳೆ ಗುರುತಿನ ಹುಳ. ಬೀಜವೆಲ್ಲ ತಿಂದು ಹಾಕಿದೆ. ಏನು ಸಿಂಪಡಿಸಲಿ?

ಉತ್ತರ: ಏನೂ ಸಿಂಪಡಿಸಬೇಡಿ. ಅದು ಯುಟೆಥೀಸ ಅನ್ನುವ ಪತಂಗದ ಮರಿ. ದೊಡ್ಡದಾದ ಮೇಲೆ ಬಿಳಿ ರೆಕ್ಕೆಯ ಮೇಲೆ ಕೆಂಪು, ಕಪ್ಪು ಚುಕ್ಕೆ. ಹಗಲಿನಲ್ಲೂ ಹಾರುತ್ತದೆ, ಯಾರಿಗೂ ಹೆದರುವುದಿಲ್ಲ.

ಹೆದರದಿರಲು ಕಾರಣವನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಹಿಂದೆ ಬಿದ್ದು ಕಂಡುಹಿಡಿದರು. ಅವರು ನೋಡಿದ್ದು ಇದೇ ಕುಲದ ಅಲ್ಲಿನ ಪತಂಗವನ್ನು, ಯುಟೆಥೀಸ ಆರ್ನೇಟ್ರಿಕ್ಸ್. ಮರಿ ಬೀಜ ತಿನ್ನುವಾಗ ಅದರಲ್ಲಿರುವ ಆಲ್ಕಲಾಯ್ಡ್ ಮೈಗೆ ಸೇರಿ, ಪತಂಗವಾದ ಮೇಲೂ ಉಳಿಯುತ್ತದೆ. ಇಂಥ ಪತಂಗ ಬಲೆಗೆ ಬಿದ್ದರೆ ಜೇಡ ಮುಟ್ಟಿ ನೋಡಿ, ತಿನ್ನದೆ, ಬಲೆಯ ಎಳೆಗಳನ್ನು ತಾನೇ ಕತ್ತರಿಸಿ ಬಿಟ್ಟುಬಿಡುತ್ತದೆ. ಕೂಡುವಾಗ ಗಂಡು ತನ್ನಲ್ಲಿರುವ ವಿಷದ ಒಂದು ಪಾಲನ್ನು ಹೆಣ್ಣಿಗೆ ಕೊಡುತ್ತದೆ. ಹೆಣ್ಣು ಅದನ್ನೂ, ತನ್ನದನ್ನೂ ಮೊಟ್ಟೆಗಳಿಗೆ ಹಂಚುತ್ತದೆ. ಮೊಟ್ಟೆಗಳನ್ನು ಇರುವೆ, ಜೀರುಂಡೆ ಮುಟ್ಟುವುದಿಲ್ಲ. ಅಂದರೆ ಒಂದು ಬೀಜದ ವಿಷ ಎರಡು ತಲೆಮಾರನ್ನು ಕಾಯುತ್ತದೆ. ಇದನ್ನು ಮೊದಲ ಸಲ ಓದಿದ ದಿನದಿಂದ ತೂತು ಬಿದ್ದ ಕಾಯಿಯನ್ನು ಹಾಳಾದ ಕಾಯಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಗಿಡವೂ ಸುಮ್ಮನೆ ಇರುವುದಿಲ್ಲ. ಪ್ಯಾಲಿಡ ಜಾತಿಯಲ್ಲಿ ಹೂವಿನ ತೊಟ್ಟಿನ ಬುಡದಲ್ಲಿ ಸಿಹಿ ಒಸರುವ ಗ್ರಂಥಿಗಳಿವೆ. ಅದಕ್ಕೆ ಬರುವ ಇರುವೆಗಳು ಮರಿಹುಳಗಳನ್ನು ಕಚ್ಚಿ ಓಡಿಸುತ್ತವೆ. ಬೀಜಕ್ಕಾಗಿಯೇ ಬೆಳೆಸುತ್ತಿದ್ದರೆ ಕೆಲವು ಗೊನೆಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಸಾಕು.

ಪ್ರಶ್ನೆ: ನಮ್ಮಲ್ಲಿ ಹಸು, ಮೇಕೆ ಎರಡೂ ಇವೆ. ಬದುವಿನ ಮೇಲೆ ಈ ಗಿಡ ತುಂಬ ಇದೆ. ತಿಂದರೆ ಅಪಾಯವಾ? ಇಷ್ಟು ದಿನ ಏನೂ ಆಗಿಲ್ಲ.

ಉತ್ತರ: ಅಪಾಯವೇ. ದಯವಿಟ್ಟು ಬದುವಿನಿಂದ ಕೀಳಿಸಿ. ಇಷ್ಟು ದಿನ ಏನೂ ಆಗಿಲ್ಲ ಅಂದಿರಲ್ಲ, ನಾನು ಹೆದರುವುದು ಆ ಮಾತಿಗೇ.

ರೆಟೂಸ, ಸ್ಪೆಕ್ಟಾಬಿಲಿಸ್ ಜಾತಿಗಳಲ್ಲಿ ಇರುವ ಮುಖ್ಯ ವಿಷ ಮೊನೊಕ್ರೊಟಲಿನ್. ತಿಂದ ಕೂಡಲೇ ಬಿದ್ದು ಒದ್ದಾಡಿಸುವ ವಿಷ ಸಾಮಾನ್ಯವಾಗಿ ಇದಲ್ಲ. ಹೊಟ್ಟೆಗೆ ಹೋಗಿ ಯಕೃತ್ತು ತಲುಪುವವರೆಗೆ ಇದು ಅಷ್ಟೇನೂ ಕೆಡುಕು ಮಾಡುವುದಿಲ್ಲ. ಯಕೃತ್ತು ತನ್ನ ಕೆಲಸ ತಾನು ಮಾಡಲು ಹೋಗಿ ಇದನ್ನು ಒಡೆಯುತ್ತದೆ. ಒಡೆದಾಗ ಹುಟ್ಟುವ ವಸ್ತುವೇ ನಿಜವಾದ ವಿಷ. ಅದು ಯಕೃತ್ತಿನ ಕೋಶಗಳನ್ನೂ, ಅಲ್ಲಿನ ಸಣ್ಣ ರಕ್ತನಾಳಗಳನ್ನೂ ಕೆಡಿಸುತ್ತದೆ. ಒಂದಿಷ್ಟು ರಕ್ತದ ಜೊತೆ ಶ್ವಾಸಕೋಶಕ್ಕೂ ಹೋಗಿ ಅಲ್ಲಿನ ನಾಳಗಳನ್ನು ದಪ್ಪಗೆ ಮಾಡುತ್ತದೆ. ಶ್ವಾಸಕೋಶದ ರಕ್ತದೊತ್ತಡದ ಕಾಯಿಲೆಗೆ ಔಷಧಿ ಹುಡುಕುವ ಪ್ರಯೋಗಾಲಯಗಳಲ್ಲಿ ಇಲಿಗಳಿಗೆ ಆ ಕಾಯಿಲೆ ಬರಿಸಲು ಇದೇ ಮೊನೊಕ್ರೊಟಲಿನ್ ಚುಚ್ಚುತ್ತಾರೆ. ಒಂದೇ ಚುಚ್ಚುಮದ್ದು, ಕೆಲವೇ ವಾರಗಳಲ್ಲಿ ಕಾಯಿಲೆ.

ಹೀಗೆ ನಿಧಾನಕ್ಕೆ ಕೆಲಸ ಮಾಡುವುದರಿಂದ ತಿಂದದ್ದಕ್ಕೂ ಕಾಯಿಲೆಗೂ ನಡುವೆ ವಾರಗಳು, ತಿಂಗಳುಗಳು ಕಳೆದಿರುತ್ತವೆ. ಪ್ರಾಣಿ ಸೊರಗುತ್ತದೆ, ಮೇವು ಬಿಡುತ್ತದೆ, ಆಗ ಯಾರಿಗೂ ಬದುವಿನ ಗಿಡ ನೆನಪಾಗುವುದಿಲ್ಲ. ಕುದುರೆ, ಹಂದಿ, ಕೋಳಿಗಳಿಗೆ ಇದು ಬೇಗ ತಾಗುತ್ತದೆ. ದನಕ್ಕೂ ತಾಗುತ್ತದೆ. ಕುರಿ-ಮೇಕೆ ಸ್ವಲ್ಪ ಹೆಚ್ಚು ತಡೆದುಕೊಳ್ಳುತ್ತವೆ, ಆದರೆ ಅದೇ ಧೈರ್ಯಕ್ಕೆ ಮೇಯಲು ಬಿಡುವುದು ಬೇಡ. ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದಲ್ಲಿ ಈ ಕುಲದ ಗಿಡ ತಿಂದ ಕುದುರೆಗಳು ದಿಕ್ಕು ತಪ್ಪಿ, ಎದುರಿಗೆ ಏನಿದೆ ಅಂತಲೂ ನೋಡದೆ ನಡೆದುಕೊಂಡೇ ಹೋಗುತ್ತಿದ್ದವು. ಯಕೃತ್ತು ಕೆಟ್ಟು ರಕ್ತದಲ್ಲಿ ಉಳಿದ ಕಲ್ಮಶ ಮಿದುಳಿಗೆ ಏರಿದ್ದರಿಂದ ಹಾಗಾಗುತ್ತದೆ. 1920ರ ದಶಕದಲ್ಲಿ ಅಮೆರಿಕದ ದಕ್ಷಿಣ ಭಾಗಕ್ಕೆ ಮಣ್ಣಿನ ಫಲವತ್ತತೆಗೆಂದು ತಂದ ಸ್ಪೆಕ್ಟಾಬಿಲಿಸ್, ಹೊಲ ಬಿಟ್ಟು ಹರಡಿ, ಅಲ್ಲಿನ ಕೋಳಿ, ಹಂದಿ, ದನಗಳನ್ನು ಕೊಂದಿತು.

ಮನುಷ್ಯರ ಕತೆಯೂ ಇದೆ, ಅದೂ ನಮ್ಮ ದೇಶದ್ದೇ. 1970ರ ದಶಕದ ನಡುವೆ ಆಗಿನ ಮಧ್ಯಪ್ರದೇಶದ, ಈಗ ಛತ್ತೀಸಗಢದಲ್ಲಿರುವ ಸರ್ಗುಜಾ ಜಿಲ್ಲೆಯ ಹಳ್ಳಿಗಳಲ್ಲಿ ಜನರ ಹೊಟ್ಟೆ ನೀರು ತುಂಬಿ ಊದಿಕೊಳ್ಳತೊಡಗಿತು. ಹಲವರು ಸತ್ತರು. ವೈದ್ಯರು ಹುಡುಕಿದಾಗ ಕಾರಣ ಸಿಕ್ಕಿದ್ದು ಅವರು ತಿನ್ನುತ್ತಿದ್ದ ಗೊಂದ್ಲಿ ಅನ್ನುವ ಕಿರುಧಾನ್ಯದಲ್ಲಿ. ಹೊಲದಲ್ಲಿ ಅದರ ಜೊತೆ ಬೆಳೆದಿದ್ದ ಕ್ರೊಟಲೇರಿಯ ನಾನ ಎಂಬ ಪುಟ್ಟ ಗಿಡದ ಬೀಜ ಕಾಳಿನಲ್ಲಿ ಬೆರೆತುಹೋಗಿತ್ತು. ಧಾನ್ಯ ಸಣ್ಣದು, ಬೀಜವೂ ಸಣ್ಣದು, ಬೇರೆ ಮಾಡುವುದು ಕಷ್ಟ. 1976ರಲ್ಲಿ ಇದರ ವರದಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಆದ್ದರಿಂದ ಮೇಯುವ ಜಾಗ, ಮೇವು ಕೊಯ್ಯುವ ಜಾಗ, ಕಿರುಧಾನ್ಯದ ಹೊಲ, ಈ ಮೂರು ಕಡೆ ಗಿಜಿಗಿಜಿ ಗಿಡ ಬೇಡವೇ ಬೇಡ. ಬೀಜ ಕಟ್ಟುವ ಮೊದಲೇ ಕಿತ್ತರೆ ಒಳ್ಳೆಯದು, ವಿಷ ಹೆಚ್ಚು ಇರುವುದು ಬೀಜದಲ್ಲಿ. ಕಿತ್ತದ್ದನ್ನು ಹುಲ್ಲಿನ ಬಣವೆಯ ಹತ್ತಿರ ಎಸೆಯಬೇಡಿ. ಒಣಗಿದ ಮಾತ್ರಕ್ಕೆ ವಿಷ ಹೋಗುವುದಿಲ್ಲ. ಹಸಿಯಾಗಿದ್ದಾಗ ಕಹಿ ಅಂತ ಬಿಟ್ಟ ದನವೂ ಒಣಹುಲ್ಲಿನ ಜೊತೆ ಬಂದರೆ ತಿಂದುಬಿಡುತ್ತದೆ. ದನ ಈಗಾಗಲೇ ಸೊರಗಿದ್ದರೆ ಪಶುವೈದ್ಯರಿಗೆ ಗಿಡದ ಒಂದು ಕೊಂಬೆಯನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಮಗು ಬೀಜ ನುಂಗಿದ್ದರೂ ಅಷ್ಟೇ, ಲಕ್ಷಣಕ್ಕೆ ಕಾಯಬೇಡಿ, ಕಾಯಿ ಸಮೇತ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಸೆಣಬು ಕೂಡ ಇದೇ ಜಾತಿ ಅಂತಾರೆ. ಅದನ್ನು ಹೊಲಕ್ಕೆ ಬಿತ್ತಿ ಉಳುತ್ತಾರಲ್ಲ?

ಉತ್ತರ: ಕುಲ ಒಂದೇ, ಜಾತಿ ಬೇರೆ. ಸೆಣಬು ಅಂದರೆ ಕ್ರೊಟಲೇರಿಯ ಜುನ್ಸಿಯ. ಆಳೆತ್ತರ ಬೆಳೆಯುತ್ತದೆ, ಎಲೆ ಕಿರಿದು, ಉದ್ದ, ಕಾಂಡದ ತೊಗಟೆಯಲ್ಲಿ ನಾರು. ಹಗ್ಗಕ್ಕೆ, ಹಸಿರೆಲೆ ಗೊಬ್ಬರಕ್ಕೆ ಹಿಂದಿನಿಂದಲೂ ಬೆಳೆಯುತ್ತಾರೆ. ಇದರ ಸೊಪ್ಪಿನಲ್ಲಿ ಆಲ್ಕಲಾಯ್ಡ್ ಬಹಳ ಕಡಿಮೆ, ಹಾಗಾಗಿ ದನಕ್ಕೆ ಬೇರೆ ಮೇವಿನ ಜೊತೆ ಮಿತವಾಗಿ ಹಾಕುವುದುಂಟು. ಬೀಜ ಮಾತ್ರ ಹಾಕಬಾರದು, ಕುದುರೆಗಂತೂ ಯಾವ ಭಾಗವೂ ಬೇಡ.

ಗೊಬ್ಬರಕ್ಕಾದರೆ ಹೂ ಬರುವ ಹೊತ್ತಿಗೆ, ಬಿತ್ತಿ ಏಳೆಂಟು ವಾರದೊಳಗೆ, ಮಣ್ಣಿಗೆ ಸೇರಿಸಬೇಕು. ತಡವಾದರೆ ಕಾಂಡ ನಾರಾಗಿ ಕೊಳೆಯಲು ಸತಾಯಿಸುತ್ತದೆ. ಬೇರುಗಂಟು ಜಂತುಹುಳುವಿನ ಕಾಟ ಇರುವ ನೆಲಕ್ಕೆ ಸೆಣಬು ಒಳ್ಳೆಯದು. ಹುಳುವಿನ ಮರಿಗಳು ಇದರ ಬೇರಿಗೆ ಹೊಕ್ಕರೂ ಬೆಳೆದು ಮೊಟ್ಟೆ ಇಡಲು ಆಗುವುದಿಲ್ಲ.

ಪ್ರಶ್ನೆ: ಗಿಜಿಗಿಜಿ ಗಿಡ ಕಿತ್ತಾಗ ಬೇರಿನ ತುಂಬ ಗಂಟು. ನೀವು ಹೇಳಿದ ಜಂತುಹುಳು ಕಾಯಿಲೆಯೇ ಇರಬೇಕು ಅಲ್ವಾ?

ಉತ್ತರ: ಅಲ್ಲ, ಹೆಚ್ಚಾಗಿ ಅದು ಒಳ್ಳೆಯ ಗಂಟು. ಒಂದು ಗಂಟನ್ನು ಉಗುರಿನಿಂದ ಮೀಟಿ. ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಸಲೀಸಾಗಿ ಕಳಚಿ ಬಂದರೆ ಅದು ಸಾರಜನಕದ ಗಂಟು. ಬೇರೇ ಊದಿಕೊಂಡು, ಬೇರು ಹರಿಯದೆ ಗಂಟು ಬಾರದಿದ್ದರೆ ಅದು ಹುಳುವಿನದು. ಕಳಚಿ ಬಂದ ಗಂಟನ್ನು ಎರಡು ಹೋಳು ಮಾಡಿ ನೋಡಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಒಳಗಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿವೆ ಎಂದು ಅರ್ಥ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಸಂಬಂಧಿ. ಹಸಿರು ಅಥವಾ ಕಂದು ಇದ್ದರೆ ಆ ಗಂಟಿನ ಕೆಲಸ ಮುಗಿದಿದೆ.

ಬಂಜರು, ಮರಳು ನೆಲದಲ್ಲೂ ಈ ಗಿಡ ಗೊಬ್ಬರವಿಲ್ಲದೆ ಹಸಿರಾಗಿ ನಿಲ್ಲುವುದು ಈ ಗಂಟುಗಳ ದೆಸೆಯಿಂದ. ಕೀಳಲೇಬೇಕಾದಾಗ ಬುಡಕ್ಕೆ ಕತ್ತರಿಸಿ ಬೇರನ್ನು ಮಣ್ಣಿನಲ್ಲೇ ಬಿಡಿ. ಮತ್ತೆ ಚಿಗುರಿದರೆ ಇನ್ನೊಮ್ಮೆ ಕತ್ತರಿಸಿದರಾಯಿತು.

ಪ್ರಶ್ನೆ: ಇದರ ಎಲೆಯ ಕಷಾಯ ಚರ್ಮದ ಕಾಯಿಲೆಗೆ, ಕೆಮ್ಮಿಗೆ ಒಳ್ಳೆಯದು ಅಂತ ಫೋನಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಆಫ್ರಿಕಾದಲ್ಲಿ ಸೊಪ್ಪು ಬೇಯಿಸಿ ತಿನ್ನುತ್ತಾರಂತೆ. ನಿಜವಾ?

ಉತ್ತರ: ಕಷಾಯ ಕುಡಿಯಬೇಡಿ. ಯಕೃತ್ತಿಗೆ ಏನಾಗುತ್ತದೆ ಅಂತ ಮೇಲೆ ಓದಿದಿರಲ್ಲ, ಅಷ್ಟು ಸಾಕು. ಹಳ್ಳಿಮದ್ದಿನಲ್ಲಿ ಈ ಗಿಡ ಬಳಸುತ್ತಿದ್ದರು ಅನ್ನುವುದು ನಿಜ, ಆದರೆ ಹಿಂದಿನಿಂದ ಬಳಸಿದ್ದೆಲ್ಲ ಅಪಾಯವಿಲ್ಲದ್ದು ಅಂತ ಆಗುವುದಿಲ್ಲ. ಅದರಲ್ಲೂ ಪರಿಣಾಮ ತಿಂಗಳು ಕಳೆದು ಕಾಣುವ ವಿಷದಲ್ಲಿ ಹಾಗೆ ನಂಬುವುದು ಬಹಳ ಅಪಾಯ.

ಆಫ್ರಿಕಾದ ಮಾತು ಅರ್ಧ ನಿಜ. ಕೀನ್ಯಾದಲ್ಲಿ ಬ್ರೆವಿಡೆನ್ಸ್, ಓಕ್ರೊಲ್ಯೂಕ ಅನ್ನುವ ಜಾತಿಗಳ ಸೊಪ್ಪನ್ನೂ, ಮೆಕ್ಸಿಕೊ, ಗ್ವಾಟೆಮಾಲಗಳಲ್ಲಿ ಲಾಂಗಿರೊಸ್ಟ್ರಾಟ ಜಾತಿಯ ಎಲೆಯನ್ನೂ ಅಡುಗೆಗೆ ಬಳಸುತ್ತಾರೆ. ಅವು ಬೇರೆ ಜಾತಿಗಳು. ಅದನ್ನು ನೋಡಿ ನಿಮ್ಮ ಬೇಲಿಯ ಗಿಡ ಪಾತ್ರೆಗೆ ಹಾಕುವುದು ತಪ್ಪು. ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ, ಕಳಿಸಿದವರಿಗೂ ಹೇಳಿ.

ಪ್ರಶ್ನೆ: ಮನೆಯಲ್ಲಿ ದನ, ಚಿಕ್ಕ ಮಕ್ಕಳು ಯಾರೂ ಇಲ್ಲ. ಚಿಟ್ಟೆಗೋಸ್ಕರ ಬೆಳೆಸಬೇಕು ಅಂತ ಆಸೆ. ಬೀಜ ಹಾಕಿದರೆ ಹುಟ್ಟುತ್ತಿಲ್ಲ.

ಉತ್ತರ: ಖಂಡಿತ ಬೆಳೆಸಿ. ಬೀಜ ಕೆಟ್ಟಿಲ್ಲ, ಸಿಪ್ಪೆ ಗಟ್ಟಿ ಅಷ್ಟೇ. ನೀರು ಒಳಗೆ ಇಳಿಯುವುದೇ ಇಲ್ಲ. ಎರಡು ಮರಳುಕಾಗದದ ನಡುವೆ ಬೀಜಗಳನ್ನು ಹಗುರವಾಗಿ ಉಜ್ಜಿ, ಹೊಳಪು ಹೋದರೆ ಸಾಕು, ಒಳಗಿನ ಬೇಳೆ ಕಾಣುವಷ್ಟು ಬೇಡ. ಆಮೇಲೆ ರಾತ್ರಿಯಿಡೀ ನೀರಿನಲ್ಲಿ ನೆನೆಸಿ. ಬೆಳಿಗ್ಗೆ ಊದಿಕೊಂಡ ಬೀಜಗಳನ್ನು ಬಿತ್ತಿ, ಊದದೇ ಇದ್ದವನ್ನು ಮತ್ತೆ ಉಜ್ಜಿ ನೆನೆಸಿ. ನೆನೆಸಿದ ನೀರನ್ನು ಕೋಳಿ, ನಾಯಿ ಕುಡಿಯುವ ಕಡೆ ಚೆಲ್ಲಬೇಡಿ.

ಬಿಸಿಲು ಚೆನ್ನಾಗಿ ಬೀಳುವ ಜಾಗ ಬೇಕು, ನೀರು ನಿಲ್ಲಬಾರದು. ಮೊದಲೇ ಜಾಗ ಗೊತ್ತು ಮಾಡಿಕೊಂಡು ಅಲ್ಲೇ ಬಿತ್ತಿ, ಉದ್ದನೆ ತಾಯಿಬೇರು ಇಳಿಯುವುದರಿಂದ ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಕುಂಡವಾದರೆ ಆಳದ್ದು ಇರಲಿ. ಗೊಬ್ಬರ ಹೆಚ್ಚು ಬೇಡ, ಸಾರಜನಕ ಜಾಸ್ತಿಯಾದರೆ ಎಲೆ ಬರುತ್ತದೆ, ಹೂ ಕಡಿಮೆಯಾಗುತ್ತದೆ. ನೀರು ಮಣ್ಣು ಒಣಗಿದಾಗ ಮಾತ್ರ.

ಕಾಯಿ ಕಪ್ಪಾಗಿ ಸದ್ದು ಶುರುವಾದ ತಕ್ಷಣ ಬೇಕಾದಷ್ಟು ಕೊಯ್ದು ಕಾಗದದ ಚೀಲಕ್ಕೆ ಹಾಕಿ, ಚೀಲದ ಮೇಲೆ "ವಿಷದ ಬೀಜ" ಅಂತ ದೊಡ್ಡದಾಗಿ ಬರೆಯಿರಿ, ಅಡುಗೆಮನೆಯಲ್ಲಿ ಇಡಬೇಡಿ. ಉಳಿದ ಕಾಯಿಗಳಲ್ಲಿ ಕೆಲವನ್ನು ಪತಂಗಕ್ಕೆ ಬಿಡಿ. ಪಕ್ಕದ ಹೊಲ, ಹುಲ್ಲುಗಾವಲು ಹತ್ತಿರ ಇದ್ದರೆ ಮಾತ್ರ ಬಿರಿಯುವ ಮೊದಲೇ ಎಲ್ಲ ಕಾಯಿಗಳನ್ನೂ ತೆಗೆದು, ಗಿಡವನ್ನು ಕಾಯಿಲ್ಲದೆ ಒಣಗಲು ಬಿಡಿ. ಚಿಟ್ಟೆಗಳಿಗೆ ಒಣ ಕಡ್ಡಿ, ಎಲೆ ಇದ್ದರೂ ಸಾಕಾಗುತ್ತದೆ.